ಲಾನ್ ಮೋವರ್ ಹೊಗೆ ಬಿಡುತ್ತಿದೆಯಾ? ಎಂಜಿನ್ ಬಿಚ್ಚಿಸುವ ಮೊದಲು ಇಲ್ಲಿ ತೋರಿಸಿ

ಮೂಡಿಗೆರೆ ಕಡೆ ಹೋಂಸ್ಟೇ ಇಟ್ಟುಕೊಂಡವರು, ಮನೆ ಮುಂದೆ ಲಾನ್ ಇರುವವರು ಈ ಗ್ಯಾರೇಜ್ ಗೊತ್ತುಮಾಡಿಕೊಳ್ಳಿ. ಪಂಪು, ಸ್ಪ್ರೇಯರ್, ಕಳೆ ಹೊಡೆಯುವ ಮಷಿನ್ ರಿಪೇರಿ ಮಾಡುವ ಸಣ್ಣ ಜಾಗ. ಬೋರ್ಡ್ ಕೂಡ ಇಲ್ಲ, ಪೇಟೆಯಲ್ಲಿ ಯಾರನ್ನು ಕೇಳಿದರೂ ತೋರಿಸುತ್ತಾರೆ.

ನಮ್ಮದು 160 ಸಿಸಿ ಫೋರ್ ಸ್ಟ್ರೋಕ್ ಮೋವರ್. ಸ್ಟಾರ್ಟ್ ಮಾಡಿದ ಕೂಡಲೇ ಅಂಗಳ ತುಂಬ ನೀಲಿ ಹೊಗೆ, ಸುಟ್ಟ ಎಣ್ಣೆಯ ವಾಸನೆ ಬೇರೆ. ಇನ್ನೊಂದು ಕಡೆ ತೋರಿಸಿದಾಗ ಒಂದು ಸ್ಕ್ರೂ ಕೂಡ ಬಿಚ್ಚದೆ "ರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು" ಅಂದುಬಿಟ್ಟರು. ರಿಂಗ್ ಅಂದರೆ ಎಣ್ಣೆ ಸಿಲಿಂಡರಿನ ಮೇಲಕ್ಕೆ ನುಗ್ಗದಂತೆ ತಡೆಯುವ ಪಿಸ್ಟನ್ನಿನ ಬಳೆ. ಇಲ್ಲಿನ ಮೆಕ್ಯಾನಿಕ್ ಮೊದಲು ಕೇಳಿದ್ದೇ "ಬ್ಲೇಡ್ ತೊಳೆಯುವಾಗ ಯಾವ ಮಗ್ಗುಲಿಗೆ ಮಲಗಿಸ್ತೀರಿ ಸಾರ್?" ಅಂತ. ಏರ್ ಫಿಲ್ಟರ್ ಕೆಳಗೆ ಬರುವ ಹಾಗೆ ಮಲಗಿಸಿದರೆ ಎಂಜಿನ್ ಆಯಿಲ್ ಬ್ರೀದರ್ (ಎಂಜಿನ್ ಒಳಗಿನ ಗಾಳಿ ಹೊರಬಿಡುವ ನಳಿಗೆ) ದಾರಿಯಲ್ಲಿ ಫಿಲ್ಟರಿಗೆ, ಕಾರ್ಬ್ಯುರೇಟರಿಗೆ ಇಳಿಯುತ್ತದೆ, ಸಿಲಿಂಡರಿಗೂ ನುಗ್ಗುತ್ತದೆ. ಫಿಲ್ಟರ್ ಬಿಚ್ಚಿ ನನ್ನ ಕೈಗೇ ಕೊಟ್ಟರು, ಪೇಪರ್ ಎಣ್ಣೆ ಕುಡಿದು ಕಂದಾಗಿ ಮೆತ್ತಗಾಗಿತ್ತು. ಆಯಿಲ್ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಒರೆಸಿ, ತಿರುಪದೆ ಸುಮ್ನೆ ಇಳಿಸಿ ತೆಗೆದರೆ ಆಯಿಲ್ ಮೇಲಿನ ಗೆರೆಯನ್ನೂ ದಾಟಿತ್ತು. ಜಾಸ್ತಿ ಇದ್ದದ್ದನ್ನು ತೆಗೆದರು. ಪ್ಲಗ್ ಬಿಚ್ಚಿಟ್ಟು ಹಗ್ಗ ಎಳೆದಾಗ ಆ ತೂತಿನಿಂದ ಎಣ್ಣೆ ಚಿಮ್ಮಿತು. ಹೊಸ ಫಿಲ್ಟರ್ ಹಾಕಿ ಓಡಿಸಿದರು. ಸೈಲೆನ್ಸರಿನಲ್ಲಿ ಉಳಿದ ಎಣ್ಣೆ ಉರಿದು ಹೋಗುವ ತನಕ ಹೊಗೆ ಬಂತು, ಆಮೇಲೆ ಪೂರ್ತಿ ನಿಂತಿತು.

ಆಯಿಲ್ ಲೆವೆಲ್ ಸರಿ ಇದ್ದು, ಎಂಜಿನ್ ಬಿಸಿಯಾದ ಮೇಲೂ ನೀಲಿ ಹೊಗೆ ಬರುತ್ತಲೇ ಇದ್ದರೆ ಮಾತ್ರ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ನೋಡಿ ರಿಂಗಿನ ಮಾತು ಎತ್ತುವುದು ಅಂದರು. ಸರಿಯಾದ ಕ್ರಮ ಅದೇ ಅಲ್ವಾ? ಕಪ್ಪು ಹೊಗೆಯಾದರೆ ಕಥೆ ಬೇರೆ, ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ: ಚೋಕ್ ಸಿಕ್ಕಿಕೊಂಡಿರುತ್ತದೆ, ಇಲ್ಲ ಫಿಲ್ಟರ್ ಧೂಳಿನಿಂದ ಕಟ್ಟಿರುತ್ತದೆ. ತೋಟದವರು ಇನ್ನೊಂದು ಗಮನಿಸಿ. ಟೂ ಸ್ಟ್ರೋಕ್ ಕಳೆ ಮಷಿನ್‌ಗೆ ಲೀಟರಿಗೆ 20 ಎಂಎಲ್ 2ಟಿ ಆಯಿಲ್ ಬೆರೆಸಿಟ್ಟ ಪೆಟ್ರೋಲನ್ನೇ ಆಳುಗಳು ಮೋವರಿಗೂ ಸುರಿದುಬಿಡುತ್ತಾರೆ, ಆಗಲೂ ನೀಲಿ ಹೊಗೆ ಬರುತ್ತದೆ. ಕ್ಯಾನ್ ಬೇರೆ ಬೇರೆ ಇಡಿ.

ಫಿಲ್ಟರ್ ದುಡ್ಡು, ಸ್ವಲ್ಪ ಕೂಲಿ, ಅಷ್ಟೇ ತೆಗೆದುಕೊಂಡರು. ಬಿಲ್ ಬರೆದು ಕೊಡುವುದಿಲ್ಲ, ಅದೊಂದು ಕೊರತೆ. ಮಳೆಗಾಲದಲ್ಲಿ ಕಳೆ ಮಷಿನ್‌ಗಳ ರಾಶಿ ಬಿದ್ದಿರುತ್ತದೆ, ಮೊದಲೇ ಫೋನ್ ಮಾಡಿ. ಮೋವರನ್ನು ಜೀಪಿನಲ್ಲಿ ನಿಲ್ಲಿಸಿಯೇ ತನ್ನಿ, ಅಡ್ಡ ಮಲಗಿಸಬೇಡಿ.