ಜಿಗ್‌ಗೆ ಕುಚ್ಚು ಕಟ್ಟೋಕೆ ರಬ್ಬರ್ ಕಾಲರ್, ದಾರ, ತಂತಿ: ಮೂರನ್ನೂ ಕಟ್ಟಿ ನೋಡಿದೆ

ಬಾಸ್ ಮೀನು ಹಿಡಿಯೋ ಜಿಗ್ ಅಂದ್ರೆ ಒಂದು ಸೀಸದ ತಲೆ, ಅದರಿಂದ ಹೊರಟ ದಪ್ಪ ಗಾಳ, ಕತ್ತಿನ ಸುತ್ತ ಸಿಲಿಕಾನ್ ಎಳೆಗಳು. ಆ ಎಳೆಗಳ ಗೊಂಚಲಿಗೆ ಅಮೆರಿಕದಲ್ಲಿ ಸ್ಕರ್ಟ್ ಅಂತಾರೆ. ನನಗೆ ಮಾತ್ರ ಅದು ಮೊದಲ ದಿನದಿಂದ ಸೀರೆ ಸೆರಗಿನ ಕುಚ್ಚಿನ ಹಾಗೇ ಕಾಣಿಸಿದೆ, ಇಲ್ಲೂ ಕುಚ್ಚು ಅಂತಲೇ ಬರೀತೀನಿ.

ನಾನಿರೋದು ಡಲ್ಲಾಸ್ ಹತ್ತಿರ, ಬಿಡುವಾದಾಗ ಲೇಕ್ ಫೋರ್ಕ್‌ಗೆ ಹೋಗುತ್ತೇನೆ. ಟೆಕ್ಸಾಸ್ ದಾಖಲೆಯ ಬಾಸ್ ಸಿಕ್ಕಿದ್ದು ಅಲ್ಲೇ, 1992ರಲ್ಲಿ, 18.18 ಪೌಂಡ್, ಅಂದ್ರೆ ಎಂಟು ಕೆಜಿಗೂ ಜಾಸ್ತಿ. ಅಣೆಕಟ್ಟು ಕಟ್ಟಿದಾಗ ಮುಳುಗಿದ ಮರಗಳು ಅಲ್ಲಿ ಇವತ್ತಿಗೂ ನೀರೊಳಗೆ ನಿಂತಿವೆ. ಜಿಗ್ ಅನ್ನು ಆ ಕೊಂಬೆಗಳ ನಡುವೆಯೇ ಇಳಿಸಿ, ಉಜ್ಜಿಸಿಕೊಂಡು ಮೇಲೆತ್ತಬೇಕು. ಕಟ್ಟು ಸಡಿಲ ಇದ್ದರೆ ಅಲ್ಲಿ ಹತ್ತು ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ.

ಕಳೆದ ಚಳಿಗಾಲದಲ್ಲಿ ಅರ್ಧ ಔನ್ಸಿನ 12 ತಲೆ ಎರಕ ಹೊಯ್ದೆ. ನಾಲ್ಕಕ್ಕೆ ರಬ್ಬರ್ ಕಾಲರ್, ನಾಲ್ಕಕ್ಕೆ ದಾರ, ನಾಲ್ಕಕ್ಕೆ ತಂತಿ. ಎಳೆ, ಬಣ್ಣ ಎಲ್ಲಾ ಒಂದೇ. ಬೇಸಿಗೆ ಮುಗಿಯೋವರೆಗೂ ಬಳಸಿದೆ.

ರಬ್ಬರ್ ಕಾಲರ್ ಅಂದ್ರೆ ಚಿಕ್ಕ ರಬ್ಬರ್ ಬಳೆ, ಅದಕ್ಕೆ ಎಳೆ ತೂರಿಸಿ ಕತ್ತಿಗೆ ಏರಿಸಿದರೆ ಮುಗೀತು, ಅರ್ಧ ನಿಮಿಷದ ಕೆಲಸ. ದೋಣಿಯಲ್ಲಿ ಕೂತಿದ್ದಾಗಲೇ ಕಂದು ಬಣ್ಣ ತೆಗೆದು ಕಪ್ಪು-ನೀಲಿ ಹಾಕಬಹುದು, ಈ ಅನುಕೂಲ ಉಳಿದ ಎರಡರಲ್ಲೂ ಇಲ್ಲ. ಆದರೆ ಕೊಂಬೆಗೆ ಉಜ್ಜಿದಾಗ, ಮೀನು ಜಗ್ಗಿದಾಗ, ಕುಚ್ಚು ಜಾರಿ ಗಾಳದ ಬಾಗಿಗೆ ಇಳಿದುಬಿಡುತ್ತದೆ. ಪ್ರತಿ ಸಲ ಮೇಲಕ್ಕೆ ದೂಡಬೇಕು. ಇನ್ನು ಟೆಕ್ಸಾಸ್ ಬಿಸಿಲಲ್ಲಿ ಕಾರಿನ ಡಿಕ್ಕಿಯಲ್ಲಿಟ್ಟ ಡಬ್ಬಿ ಹೇಗೆ ಕಾಯುತ್ತೆ ಅಂತ ಹೇಳಬೇಕಾ? ಆಗಸ್ಟ್ ಹೊತ್ತಿಗೆ ನಾಲ್ಕರಲ್ಲಿ ಮೂರು ಕಾಲರ್ ಬಿರುಕು ಬಿಟ್ಟು ಎಳೆಯೆಲ್ಲಾ ಡಬ್ಬಿ ತುಂಬ ಚೆಲ್ಲಿದ್ದವು.

ದಾರ ನೋಡೋಕೆ ಎಲ್ಲಕ್ಕಿಂತ ಚೆಂದ, ಕತ್ತು ಸಣ್ಣಗೆ ನೀಟಾಗಿ ಬರುತ್ತದೆ. ಆದರೆ ಜಿಗ್ ಹಿಡಿಯೋಕೆ ವೈಸ್ ಬೇಕು, ದಾರ ಬಿಗಿಯಾಗಿ ಬಿಡೋಕೆ ಬಾಬಿನ್ ಬೇಕು, ಕೊನೆಗೆ ಗಂಟಿಗೆ ಅಂಟು. ನನಗೆ ಒಂದಕ್ಕೆ ಕಾಲು ಗಂಟೆ ಹಿಡಿಯಿತು. ಸಿಲಿಕಾನ್ ನುಣುಪು, ಮೇಲಾಗಿ ಹಿಗ್ಗುತ್ತದೆ, ಹಾಗಾಗಿ ದಾರ ಸುತ್ತುತ್ತಾ ಹೋದ ಹಾಗೆ ಎಳೆಗಳೂ ಅದರ ಜೊತೆ ತಿರುಗಿ ಒಂದೇ ಮಗ್ಗುಲಿಗೆ ಸೇರಿಬಿಡುತ್ತವೆ. ಜಿಂಕೆ ಬಾಲದ ಕೂದಲಿನ ಜಿಗ್ ಆದರೆ ನಾನು ಈಗಲೂ ದಾರವನ್ನೇ ತಗೊಳ್ಳೋದು, ಯಾಕಂದ್ರೆ ಕೂದಲು ದಾರದ ಕೆಳಗೆ ಒತ್ತಿಕೊಂಡು ಕೂರುತ್ತದೆ, ತಂತಿಯಲ್ಲಿ ಒಂದೊಂದೇ ಕಳಚಿಕೊಂಡು ಬರುತ್ತದೆ. ಕೇಬಲ್ ಟೈ ಕೂಡ ನೋಡಿದೆ, ಅದರ ಗುಬುಟು ಕಸ ಹಿಡಿಯುತ್ತದೆ, ಬಿಟ್ಟೆ.

ಈಗ ತಂತಿ. ನನ್ನ ಓಟು ಇದಕ್ಕೇ.

ಬೇಕಾಗಿದ್ದು ತಾಮ್ರದ ತಂತಿ, ಒಂದು ಇಕ್ಕಳ, ಕತ್ತರಿ, ಒಂದು ರಬ್ಬರ್ ಬ್ಯಾಂಡ್, ಅಷ್ಟೇ. ಗೇಜ್, ಅಂದ್ರೆ ತಂತಿ ದಪ್ಪದ ಅಳತೆ, ಮುಖ್ಯ; ಸಂಖ್ಯೆ ಹೆಚ್ಚಾದಷ್ಟೂ ತಂತಿ ತೆಳು. 24 ಗೇಜ್ ಗಡುಸು, ಎಳೆಗಳನ್ನೇ ಕತ್ತರಿಸಿತು. 30 ಗೇಜ್ ತಿರುಚುವಾಗಲೇ ತುಂಡಾಯಿತು. 26 ಸರಿಹೋಯಿತು, ಸುಮಾರು 0.4 ಮಿಲಿಮೀಟರ್ ದಪ್ಪ. ಇದು ಅಮೆರಿಕದ ಗೇಜ್ ಲೆಕ್ಕ. ನಮ್ಮೂರಲ್ಲಿ ಮೋಟಾರ್ ವೈಂಡಿಂಗ್ ಅಂಗಡಿಯವರು ಹೇಳೋದು ಎಸ್‌ಡಬ್ಲ್ಯೂಜಿ, ಅಂದ್ರೆ ಬ್ರಿಟಿಷ್ ಗೇಜ್ ಲೆಕ್ಕ, ಅದರಲ್ಲಿ 26 ಅಂದ್ರೆ ಇನ್ನೂ ದಪ್ಪ. ಅಲ್ಲಿ ತಗೊಳ್ಳೋರು 27 ಅಥವಾ 28 ಕೇಳಿ.

ಎಳೆಗಳನ್ನು ಕತ್ತಿನ ಸುತ್ತ ಹರಡಿ ರಬ್ಬರ್ ಬ್ಯಾಂಡ್‌ನಿಂದ ತಾತ್ಕಾಲಿಕವಾಗಿ ಹಿಡಿಸಿ. ಮೊದಮೊದಲು ನಾನು ಇಲ್ಲೇ ಅವಸರ ಮಾಡುತ್ತಿದ್ದೆ. ಒಂದು ದಿನ ವಿಡಿಯೋ ಕಾಲ್‌ನಲ್ಲಿ ಅಮ್ಮ ನೋಡ್ತಾ ಇದ್ದರು, ಅವರು ವರ್ಷಗಟ್ಟಲೆ ಸೀರೆಗೆ ಕುಚ್ಚು ಕಟ್ಟಿದವರು. "ಮೊದಲು ಎಳೆ ಸಮ ಮಾಡ್ಕೋ ಮಗಾ, ಬಿಗಿಯೋದು ಆಮೇಲೆ" ಅಂದರು. ಆವತ್ತಿಂದ ಬೆರಳ ತುದಿಯಲ್ಲಿ ಜಿಗ್ ತಿರುಗಿಸುತ್ತಾ, ಸೀಸ ಎಲ್ಲೂ ಇಣುಕದ ಹಾಗೆ ಎಳೆ ಕೂರಿಸಿಯೇ ತಂತಿ ಮುಟ್ಟುತ್ತೇನೆ.

ಗೇಣುದ್ದ ತಂತಿಯನ್ನು ಮೂರು ಸುತ್ತು ಹಾಕಿ, ಸುತ್ತುಗಳು ಒಂದರ ಮೇಲೊಂದು ಹತ್ತಬಾರದು, ಪಕ್ಕಪಕ್ಕ ಕೂರಬೇಕು. ಎರಡೂ ತುದಿ ಇಕ್ಕಳದಲ್ಲಿ ಹಿಡಿದು, ಮೊದಲು ನಿಮ್ಮ ಕಡೆ ಎಳೆಯಿರಿ, ಎಳೆದುಕೊಂಡೇ ತಿರುಚಿ. ಮನೆ ಕಟ್ಟುವಾಗ ಕಂಬಿ ಕಟ್ಟೋರು ಬೈಂಡಿಂಗ್ ವೈರ್ ತಿರುಚುತ್ತಾರಲ್ಲ, ಥೇಟ್ ಹಾಗೆ. ಎಳೆಯದೆ ಸುಮ್ನೆ ತಿರುಚಿದರೆ ತಂತಿ ತನ್ನಷ್ಟಕ್ಕೆ ಜಡೆಯಾಗುತ್ತದೆ, ಕಟ್ಟು ಮಾತ್ರ ಸಡಿಲವೇ. ನಾಲ್ಕೈದು ತಿರುಚು ಸಾಕು, ಜಡೆ ಬುಡದಲ್ಲಿ ಡೊಂಕಾಗೋಕೆ ಶುರುವಾದರೆ ಅಲ್ಲೇ ನಿಲ್ಲಿಸಿ, ಇನ್ನೊಂದು ತಿರುಚಿಗೆ ಪಟ್ ಅಂತ ಹೋಗುತ್ತದೆ. ಮೂರು ಮಿಲಿಮೀಟರ್ ಬಿಟ್ಟು ಕತ್ತರಿಸಿ, ತುದಿಯನ್ನು ಎಳೆಗಳ ಒಳಕ್ಕೆ ಮಡಚಿ ಒತ್ತಿ. ಇದನ್ನು ಮಾತ್ರ ಬಿಡಬೇಡಿ, ಹೊರಗೆ ಚಾಚಿದ ತುದಿ ಪಾಚಿ ಹಿಡಿಯುತ್ತದೆ, ಹೆಬ್ಬೆರಳನ್ನೂ ಸೀಳುತ್ತದೆ. ಕೈ ಪಳಗಿದ ಮೇಲೆ ಒಂದಕ್ಕೆ ನಾಲ್ಕು ನಿಮಿಷ.

ತಂತಿ ಕಟ್ಟಿದ ನಾಲ್ಕರಲ್ಲಿ ಒಂದು ಮರಕ್ಕೆ ಸಿಕ್ಕಿ ನೀರುಪಾಲಾಯಿತು. ಉಳಿದ ಮೂರರ ತಾಮ್ರ ಕಪ್ಪಗಾಗಿದೆ, ತಲೆಯ ಬಣ್ಣ ಅಲ್ಲಲ್ಲಿ ಎದ್ದಿದೆ, ಕುಚ್ಚು ಕೂದಲೆಳೆಯಷ್ಟೂ ಜರುಗಿಲ್ಲ. ಬಣ್ಣ ಬದಲಿಸಬೇಕಾದರೆ ತಂತಿ ಕತ್ತರಿಸಿ ಮತ್ತೆ ಕಟ್ಟಬೇಕು, ಅದೊಂದೇ ತೊಂದರೆ. ಅದಕ್ಕೇ ಹೊಸ ಕೆರೆಗೆ ಹೋಗುವಾಗ ರಬ್ಬರ್ ಕಾಲರಿನವು ಎರಡು ಜೊತೆಗಿರುತ್ತವೆ. ಯಾವ ಬಣ್ಣಕ್ಕೆ ಮೀನು ಬರುತ್ತದೆ ಅಂತ ಅದರಲ್ಲಿ ನೋಡಿಕೊಂಡು, ಮನೆಗೆ ಬಂದು ಆ ಬಣ್ಣವನ್ನು ತಂತಿಯಲ್ಲಿ ಕಟ್ಟುತ್ತೇನೆ.