ಚುಸೊಕ್ ಎಡೆಯ ಪೆಟ್ಟಿಗೆ: ಸೊಸೆಯ ಕೆಲಸ ಎಷ್ಟು ತಪ್ಪುತ್ತದೆ?

ದಕ್ಷಿಣ ಕೊರಿಯಾದಲ್ಲಿ ಚುಸೊಕ್ ಎಂಬ ಸುಗ್ಗಿ ಹಬ್ಬದ ಬೆಳಿಗ್ಗೆ ತೀರಿಹೋದ ಹಿರಿಯರಿಗೆ ಎಡೆ ಇಡುತ್ತಾರೆ. ಅದಕ್ಕೆ ಛಾರ್ಯೆ ಎಂದು ಹೆಸರು. ಅದರ ಅಡುಗೆಯನ್ನೆಲ್ಲ ಮಾಡಿ, ಪೆಟ್ಟಿಗೆಯಲ್ಲಿ ತುಂಬಿ, ಹಬ್ಬದ ಹಿಂದಿನ ದಿನ ಮನೆಗೆ ತಲುಪಿಸುವ ಸೇವೆ ಅಲ್ಲಿ ಈಗ ಮಾಮೂಲು. ಪೂರ್ತಿ ಸೆಟ್‌ಗೆ ಸುಮಾರು 2ರಿಂದ 3 ಲಕ್ಷ ವೊನ್ ಬೀಳುತ್ತದೆ. ಇಲ್ಲಿ ನೋಡಬೇಕಾದ್ದು ರುಚಿ ಒಂದನ್ನೇ ಅಲ್ಲ. ಎಡೆ ಗಂಡನ ಕಡೆಯ ಹಿರಿಯರಿಗೆ, ಅಡುಗೆ ಮಾತ್ರ ಸೊಸೆಯದು. ಆ ಹೊರೆ ಎಷ್ಟು ಇಳಿಯಿತು ಎಂಬುದೇ ಈ ಸೇವೆಯ ನಿಜವಾದ ಪರೀಕ್ಷೆ.

ಅತಿ ಕಷ್ಟದ ಕೆಲಸ ಜೊನ್. ಮೀನಿನ ಹೋಳು, ಕುಂಬಳಜಾತಿಯ ಎಳೆಕಾಯಿ, ಮಾಂಸ ಮತ್ತು ತೋಫು ಕಲಸಿದ ಉಂಡೆ, ಪ್ರತಿಯೊಂದನ್ನೂ ಹಿಟ್ಟಿನಲ್ಲಿ ಹೊರಳಿಸಿ, ಮೊಟ್ಟೆಯಲ್ಲಿ ಅದ್ದಿ, ಕಾವಲಿ ಮೇಲೆ ಎರಡೂ ಬದಿ ಬೇಯಿಸಬೇಕು. ನೆಲಕ್ಕೆ ಹಳೆಯ ಪೇಪರ್ ಹಾಸಿ, ಕರೆಂಟ್ ಕಾವಲಿಯ ಮುಂದೆ ಗಂಟೆಗಟ್ಟಲೆ ಕೂತರೆ ಸೊಂಟ ಹಿಡಿಯುತ್ತದೆ, ಎಣ್ಣೆಯ ವಾಸನೆಗೆ ಹಸಿವೇ ಸತ್ತುಹೋಗುತ್ತದೆ. ಹಬ್ಬದ ಈ ಆಯಾಸ ಮತ್ತು ಮನಸ್ತಾಪಕ್ಕೆ ಕೊರಿಯನ್ನರಲ್ಲಿ ಒಂದು ಪದವೇ ಇದೆ: ಮ್ಯೊಂಗ್‌ಜೊಲ್ ಜುಂಗ್‌ಹುಗುನ್, ಅಂದರೆ ಹಬ್ಬದ ಬೇನೆ. ಪೆಟ್ಟಿಗೆ ಈ ಕೆಲಸವನ್ನು ಪೂರ್ತಿ ತಪ್ಪಿಸುತ್ತದೆ. ಇದೊಂದಕ್ಕೇ ಕೊಟ್ಟ ದುಡ್ಡು ವಸೂಲಿ.

ಆದರೆ ದೊಡ್ಡ ಸೆಟ್ ಬೇಕೇ ಬೇಕು ಅಂತೇನಿಲ್ಲ. ಕನ್‌ಫ್ಯೂಷಿಯಸ್ ಪರಂಪರೆಯ ಪ್ರಮುಖ ಸಂಸ್ಥೆಯಾದ ಸುಂಗ್‌ಗ್ಯುನ್‌ಗ್ವಾನ್ 2022ರ ಸೆಪ್ಟೆಂಬರ್‌ನಲ್ಲಿ ಸರಳ ಎಡೆಯ ಮಾದರಿ ಪ್ರಕಟಿಸಿತು: ಸೊಂಗ್‌ಪ್ಯೊನ್ ಕಡುಬು, ಸೊಪ್ಪು-ಬೇರಿನ ಪಲ್ಯ, ಸುಟ್ಟ ಮಾಂಸ, ಕಿಮ್ಚಿ, ಹಣ್ಣು, ಮದ್ಯ, ಇಷ್ಟು ಸಾಕು. ಎಣ್ಣೆಯಲ್ಲಿ ಬೇಯಿಸಿದ್ದನ್ನು ಇಡಲೇಬೇಕಿಲ್ಲ ಎಂದೂ ಸ್ಪಷ್ಟವಾಗಿ ಹೇಳಿತು. ಕೆಂಪು ಹಣ್ಣು ಪೂರ್ವಕ್ಕೆ, ಬಿಳಿ ಹಣ್ಣು ಪಶ್ಚಿಮಕ್ಕೆ ಎಂಬ ಪ್ರಸಿದ್ಧ ನಿಯಮವೂ ವಿಧಿಗ್ರಂಥಗಳಲ್ಲಿ ಇಲ್ಲವಂತೆ. ಅತ್ತೆ ಒಪ್ಪದಿದ್ದರೆ ಮುಂದಿಡಲು ಇದಕ್ಕಿಂತ ಒಳ್ಳೆಯ ಆಧಾರ ಇಲ್ಲ.

ಪೆಟ್ಟಿಗೆ ಬಂದ ಮೇಲೆ ಕೆಡುವುದು ಬಿಸಿ ಮಾಡುವಾಗ. ಜೊನ್ ಮೈಕ್ರೋವೇವ್‌ಗೆ ಹೋದರೆ ತನ್ನದೇ ಹಬೆಯಲ್ಲಿ ನೆನೆದು ಮೊಟ್ಟೆಯ ಪದರ ಬಿಟ್ಟುಕೊಳ್ಳುತ್ತದೆ. ಎಣ್ಣೆ ಹಾಕದ ಕಾವಲಿ, ಸಣ್ಣ ಉರಿ, ಪ್ರತಿ ಬದಿಗೆ ಎರಡು ಮೂರು ನಿಮಿಷ ಸಾಕು. ಸೊಂಗ್‌ಪ್ಯೊನ್ ಫ್ರಿಜ್‌ನಲ್ಲಿ ಕಲ್ಲಾಗುತ್ತದೆ, ಅಕ್ಕಿಹಿಟ್ಟಿನ ಗುಣವೇ ಅದು. ಮತ್ತೆ ಹಬೆಯಲ್ಲಿಟ್ಟರೆ ಮೆತ್ತಗಾಗುತ್ತದೆ.

ದೊಡ್ಡ ಎಡವಟ್ಟು ಅಳತೆಯಲ್ಲಿ. ಸೆಟ್‌ನ ಅಳತೆ ಹೆಚ್ಚಾಗಿ ಎಡೆಯ ಮೇಜಿಗೆ ಸಾಲುವಷ್ಟು, ಊಟಕ್ಕೆ ಕೂರುವ ಎಲ್ಲ ನೆಂಟರಿಗಲ್ಲ. ನಾಲ್ಕು ಜನರ ಸೆಟ್ ತರಿಸಿ ಹತ್ತು ಜನರನ್ನು ಕೂರಿಸಿದರೆ ಸೊಸೆ ಮತ್ತೆ ಕಾವಲಿ ಹಚ್ಚಲೇಬೇಕಾಗುತ್ತದೆ. ಎಡೆಗೆ ಚಿಕ್ಕ ಸೆಟ್ ತರಿಸಿ, ಊಟಕ್ಕೆ ಸಿಯೋಲ್‌ನ ಗೊಂಗ್‌ದೊಕ್ ಮಾರುಕಟ್ಟೆಯಂಥ ಕಡೆಯಿಂದ ಬೇಕಾದ ಜೊನ್ ಆಯ್ದು ತರುವುದು ಒಳ್ಳೆಯ ದಾರಿ. ಹಬ್ಬದ ಮುನ್ನಾದಿನ ಅಲ್ಲಿ ಸಾಲು ಉದ್ದ, ಬೇಗ ಹೋಗಬೇಕು.

ಪೆಟ್ಟಿಗೆ ಮುಟ್ಟದ ಕೆಲಸಗಳೇ ನನಗೆ ಹೆಚ್ಚು ಬೇಸರ ತರಿಸುವುದು. ಸೆಟ್ ಆರಿಸುವುದು, ವಾರಗಳ ಮೊದಲೇ ಬುಕ್ ಮಾಡುವುದು, ಡೆಲಿವರಿಗೆ ಕಾಯುವುದು, ತಟ್ಟೆಗೆ ಜೋಡಿಸುವುದು, ಕೊನೆಗೆ ತೊಳೆಯುವುದು, ಎಲ್ಲಕ್ಕೂ ಬಹಳ ಮನೆಗಳಲ್ಲಿ ಅದೇ ಸೊಸೆ. ಅಡುಗೆ ಕೆಟ್ಟರೆ ಬೈಗುಳ ಕೇಳುವವಳಿಗೆ ಈಗ ಕಂಪನಿಯ ತಪ್ಪಿಗೂ ಬೈಗುಳ. ಅಲ್ಲಿನ ಕಾನೂನು ಈ ಮನೆಗಳಿಗಿಂತ ಮುಂದಿದೆ: ಗಂಡಸನ್ನೇ ಮನೆಯ ಯಜಮಾನನೆಂದು ದಾಖಲಿಸುತ್ತಿದ್ದ ಹೊಜು ಪದ್ಧತಿ 2008ರ ಜನವರಿ 1ಕ್ಕೆ ಕೊನೆಗೊಂಡಿತು. ಮಕ್ಕಳಲ್ಲಿ ಒಮ್ಮತವಿಲ್ಲದಿದ್ದರೆ ಹಿರಿಮಗನೇ ಪಿತೃಕಾರ್ಯದ ಕರ್ತೃ ಎಂಬ ತನ್ನ ಹಳೆಯ ತೀರ್ಪನ್ನೂ ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ಬದಲಿಸಿ, ಗಂಡು ಹೆಣ್ಣೆನ್ನದೆ ಹಿರಿಯ ಸಂತಾನಕ್ಕೆ ಆದ್ಯತೆ ಎಂದಿತು.

ಹಾಗಾಗಿ ಆರ್ಡರ್ ಮಗನ ಹೆಸರಲ್ಲಿ, ಮಗನ ಫೋನ್ ನಂಬರಿನಲ್ಲಿ ಇರಲಿ. ದೂರು ಹೇಳುವ ಕರೆಯೂ ಅವನದೇ. ಎಡೆಯ ಮರದ ಪಾತ್ರೆಗಳನ್ನು ನೀರಿನಲ್ಲಿ ನೆನೆಹಾಕಬಾರದು, ಮೆರುಗಿನ ಲೇಪ ಏಳುತ್ತದೆ. ಮೆತ್ತನೆ ಬಟ್ಟೆಯಲ್ಲಿ ಬೇಗ ತೊಳೆದು, ಒರೆಸಿ, ನೆರಳಲ್ಲಿ ಒಣಗಿಸಬೇಕು. ಆ ಬಟ್ಟೆ ಎಡೆಗೆ ನಮಸ್ಕರಿಸಿ ಎದ್ದ ಗಂಡಸರ ಕೈಗೆ ಹೋದರೆ, ಸೊಸೆ ಮಧ್ಯಾಹ್ನದೊಳಗೆ ತವರಿನ ಬಸ್ಸು ಹಿಡಿಯಬಹುದು.