ಕೆಂಪು ಗಾಜಿನ ದುರ್ಬೀನು ಹಿಡಿದು ಧೂಮಕೇತು ಹುಡುಕುವವರೇ, ಸ್ವಲ್ಪ ನಿಲ್ಲಿ

ನನ್ನ ಬಲಗಣ್ಣಿನ ನಟ್ಟನಡುವೆ ಒಂದು ಮಸುಕು ಚುಕ್ಕೆ ಇದೆ. ಸಾಸಿವೆ ಕಾಳಿನಷ್ಟು. ಎಡಗಣ್ಣು ಮುಚ್ಚಿಕೊಂಡು ಪೇಪರ್ ಓದಿದರೆ ಸಾಲಿನಲ್ಲಿ ಒಂದು ಅಕ್ಷರ ಮಾಯವಾಗುತ್ತದೆ. 2024ರ ದಸರಾ ದಿನ, ವಿಜಯಪುರದ ನಮ್ಮ ಮನೆಯ ಮಾಳಿಗೆ ಮೇಲೆ ನಿಂತು ನಾನೇ ಕೈಯಾರೆ ಮಾಡಿಕೊಂಡಿದ್ದು ಇದು.

ಆ ವರ್ಷ ಸುಚಿನ್‌ಶಾನ್-ಅಟ್ಲಾಸ್ ಧೂಮಕೇತು ಬಂದಿತ್ತು. ಸೆಪ್ಟೆಂಬರ್ 27ಕ್ಕೆ ಸೂರ್ಯನನ್ನು ಸುತ್ತಿಕೊಂಡು, ಅಕ್ಟೋಬರ್ 12ಕ್ಕೆ ಭೂಮಿಗೆ ತೀರಾ ಹತ್ತಿರ ಬಂತು. ಹತ್ತಿರ ಅಂದರೂ 7 ಕೋಟಿ ಕಿಲೋಮೀಟರ್ ದೂರ ಬಿಡಿ. ನಾನು 1997ರಲ್ಲಿ ಹೇಲ್-ಬಾಪ್ ಧೂಮಕೇತು ನೋಡಿದವನು. ಆಗ ಇನ್ನೂ ಹುಡುಗ. ಊರಲ್ಲಿ ಕರೆಂಟ್ ಹೋದರೆ ಸಾಕು, ಅಂಗಳದಿಂದ ಬರಿಗಣ್ಣಿಗೇ ಬಾಲ ಕಾಣುತ್ತಿತ್ತು. ಅಂಥದ್ದನ್ನೇ ಅಕ್ಕನ ಮಗನಿಗೆ ತೋರಿಸಬೇಕು ಅನ್ನೋ ಆಸೆಯಲ್ಲಿ ಆನ್‌ಲೈನ್‌ನಲ್ಲಿ ಒಂದು ಬೈನಾಕ್ಯುಲರ್ ತರಿಸಿದೆ. 1,300 ರೂಪಾಯಿ. ಡಬ್ಬದ ಮೇಲೆ 30×60 ಅಂತ ದಪ್ಪಗೆ ಬರೆದಿತ್ತು. ಮುಂದಿನ ಗಾಜುಗಳು ಮಾಣಿಕ್ಯದ ಹಾಗೆ ಕೆಂಪಗೆ ಹೊಳೆಯುತ್ತಿದ್ದವು. ನೋಡಿದವರೆಲ್ಲ "ಭಾರಿ ಐತಲ್ರಿ ದುರ್ಬೀನು" ಅಂದರು. ನಾನೂ ಉಬ್ಬಿದೆ.

ಈ ಅಂಕಿಗಳ ಮೋಸ ನನಗೆ ಗೊತ್ತಾಗಿದ್ದು ಆಮೇಲೆ. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನೋದು. ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ಗಳಲ್ಲಿ. ಶಾಲೆಯ ಸ್ಕೇಲ್ ಇಟ್ಟು ಅಳೆದೆ. 60 ಅಂತ ಬರೆದಿದ್ದ ಗಾಜು ಸರಿಯಾಗಿ 30 ಇತ್ತು! ಮೊದಲ ಅಂಕಿಯೂ ಅಷ್ಟೇ ಸುಳ್ಳು. ನಿಜಕ್ಕೂ 30 ಪಟ್ಟು ಇದ್ದಿದ್ದರೂ ಪ್ರಯೋಜನ ಇರಲಿಲ್ಲ ಬಿಡಿ. ಅಷ್ಟು ಹಿಗ್ಗಿಸಿದರೆ ಕೈಯ ಚಿಕ್ಕ ನಡುಕವೂ 30 ಪಟ್ಟು ಆಗುತ್ತದೆ. ಆಕಾಶದ ಒಂದು ಚೂರು ಮಾತ್ರ ಕಾಣುತ್ತದೆ. ಧೂಮಕೇತು ಹರಡಿಕೊಂಡಿರುವ ವಸ್ತು. ಅದಕ್ಕೆ ಬೇಕಾಗಿರೋದು ಬೆಳಕು ಮತ್ತು ಅಗಲವಾದ ನೋಟ. 7×50, 10×50 ಸಾಕು.

ಸೆಪ್ಟೆಂಬರ್ ಕೊನೆಗೆ ಅದು ಬೆಳಗಿನ ಜಾವ ಪೂರ್ವಕ್ಕೆ ಕಾಣುತ್ತಿತ್ತು. ಐದಕ್ಕೇ ಎದ್ದು ಮಾಳಿಗೆ ಹತ್ತಿದೆ. ಧೂಮಕೇತು ಸಿಗಲಿಲ್ಲ. ಬೆಳಕು ಹರಿದಾಗ ದೂರದ ಗೋಳಗುಮ್ಮಟಕ್ಕೆ ಹಿಡಿದು ನೋಡಿದರೆ ಗುಮ್ಮಟ ಎರಡಾಗಿ ಕಂಡಿತು. ಮಹಮ್ಮದ್ ಆದಿಲ್ ಶಾಹನಿಗೆ ಇರೋದು ಒಂದೇ ಗೋರಿ, ಅಲ್ವಾ? ದುರ್ಬೀನಿನ ಎರಡು ಕೊಳವೆಗಳೂ ಒಂದೇ ಕಡೆ ನೋಡುತ್ತಿರಲಿಲ್ಲ, ಅಷ್ಟೇ. ಅಲ್ಲೇ ಅದನ್ನು ಬಿಸಾಕಬೇಕಿತ್ತು. ವಾಪಸ್ ಕಳಿಸಲು ನೋಡಿದೆ. ಡಬ್ಬ ಒಡೆದಿದೆ, ಆಗಲ್ಲ ಅಂದರು. ದುಡ್ಡು ಕೊಟ್ಟಿದ್ದೀನಲ್ಲ ಅಂತ ಇಟ್ಟುಕೊಂಡೆ.

ಅಕ್ಟೋಬರ್ 12 ವಿಜಯದಶಮಿ. ಕೆಳಗೆ ಮನೆಯಲ್ಲಿ ಬನ್ನಿ ಕೊಟ್ಟು ನಮಸ್ಕಾರ ಮಾಡುವವರ ಸಾಲು. ನಾನು, ಹುಡುಗ ಮಾಳಿಗೆ ಮೇಲೆ. ಧೂಮಕೇತು ಈಗ ಸಂಜೆಯ ಆಕಾಶಕ್ಕೆ ಬಂದಿತ್ತು. ಸೂರ್ಯ ಮುಳುಗಿದ ಮೇಲೆ ಪಶ್ಚಿಮದಲ್ಲಿ, ತೀರಾ ಕೆಳಗೆ. ನಮ್ಮ ಮನೆಯ ಪಶ್ಚಿಮಕ್ಕೆ ಬರೀ ಹೊಲ, ದ್ರಾಕ್ಷಿ ತೋಟ. ಬಯಲು ಸೀಮೆ, ಅಡ್ಡ ಏನೂ ಇಲ್ಲ. ಉದ್ದಕ್ಕೆ ಒಂದು ಮೋಡದ ಪಟ್ಟಿ ಇತ್ತು. ಸೂರ್ಯ ಅದರ ಹಿಂದೆ ಹೋದ. ಬೆಳಕು ಕುಂದಿತು. ಮುಳುಗಿದ ಅಂದುಕೊಂಡೆ. ಗಂಟೆ ನೋಡಲಿಲ್ಲ. ಆರಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಆ ದಿನ ನಮ್ಮಲ್ಲಿ ಸೂರ್ಯ ಮುಳುಗೋದು ಆರು ದಾಟಿದ ಮೇಲೆ.

"ಮಾಮಾ, ಮೊದಲ ನನಗ ಕೊಡು" ಅಂತ ಹುಡುಗ ಅಂಗಿ ಜಗ್ಗುತ್ತಿದ್ದ. "ತಡೀಪಾ" ಅಂದು ದುರ್ಬೀನು ಕಣ್ಣಿಗೆ ಹಚ್ಚಿ ಮೋಡದ ಅಂಚಿನಗುಂಟ ಮೆಲ್ಲಗೆ ಸರಿಸುತ್ತಾ ಹೋದೆ. ಮೋಡಕ್ಕೂ ನೆಲಕ್ಕೂ ನಡುವೆ ಒಂದು ಸಂದು. ಅಲ್ಲಿ ಏನೋ ಹೊಳೆಯಿತು. ಇದೇ ಇರಬೇಕು ಅಂತ ಅಲ್ಲೇ ನಿಲ್ಲಿಸಿದೆ. ಸೂರ್ಯ ಆ ಸಂದಿಗೆ ಇಳಿದು ಬಂದಿದ್ದ.

ಕಣ್ಣು ಕೂಡಲೇ ಯಾಕೆ ತೆಗೆಯಲಿಲ್ಲ ಅಂತ ಕೇಳಬಹುದು. ನಿಜ ಹೇಳಬೇಕಂದರೆ ಆ ಕೆಂಪು ಗಾಜನ್ನು ನಂಬಿದ್ದೆ. ವೆಲ್ಡಿಂಗ್ ಮಾಡುವವರ ಕಪ್ಪು ಗಾಜಿನ ಹಾಗೆ ಅದೂ ಬಿಸಿಲು ತಡೆಯುತ್ತದೆ ಅನ್ನೋ ಹುಚ್ಚು ನಂಬಿಕೆ. ಅದು ಏನನ್ನೂ ತಡೆಯುವುದಿಲ್ಲ. ಒಂದಿಷ್ಟು ಕೆಂಪು ಬೆಳಕನ್ನು ಹೊರಗೆ ವಾಪಸ್ ಎಸೆಯುತ್ತದೆ, ಅದಕ್ಕೇ ನಮಗೆ ಕೆಂಪಗೆ ಕಾಣೋದು. ಉಳಿದಿದ್ದೆಲ್ಲ ಸೀದಾ ಕಣ್ಣಿಗೆ. ಹಗಲಲ್ಲಿ ಕಣ್ಣಿನ ಪಾಪೆ ಸುಮಾರು 3 ಮಿಲಿಮೀಟರ್ ಇರುತ್ತದೆ. 30 ಮಿಲಿಮೀಟರ್ ಗಾಜು ಅದಕ್ಕಿಂತ 100 ಪಟ್ಟು ಬೆಳಕು ಹಿಡಿಯುತ್ತದೆ. ಹುಡುಗನಿಗೆ ಮೊದಲು ಕೊಟ್ಟಿದ್ದರೆ? ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತದೆ.

ನೋವು ಸ್ವಲ್ಪವೂ ಆಗಲಿಲ್ಲ. ಕಣ್ಣು ಕುಕ್ಕಿತು, ಹಸಿರು ಚುಕ್ಕೆ ತೇಲಾಡಿತು, ನಕ್ಕು ಸುಮ್ನಾದೆ. ಮರುದಿನ ಬೆಳಿಗ್ಗೆ ಪೇಪರ್ ಬಿಚ್ಚಿದಾಗ ಸಾಲಿನ ನಡುವೆ ತೂತು ಬಿದ್ದಂತಿತ್ತು. ಬಾಗಿಲ ಚೌಕಟ್ಟು ಡೊಂಕಾಗಿ ಕಂಡಿತು. ಕಣ್ಣಿನ ಡಾಕ್ಟರು ಸ್ಕ್ಯಾನ್ ಮಾಡಿಸಿ, "ಸೂರ್ಯನ್ನ ನೋಡೀರೇನು?" ಅಂತ ಅವರೇ ಕೇಳಿದರು. ನೋವೇ ಆಗಲಿಲ್ಲವಲ್ಲ ಅಂದೆ. "ರೆಟಿನಾಕ್ಕ, ಅಂದ್ರ ಕಣ್ಣಿನ ಒಳಪರದೆಗೆ, ನೋವು ಗೊತ್ತಾಗೂದಿಲ್ರಿ" ಅಂದರು. ಅಲ್ಲಿ ಆದ ಗಾಯ ವಾಸಿ ಮಾಡುವ ಔಷಧಿಯೂ ಇಲ್ಲವಂತೆ. ಕೆಲವರಿಗೆ ತಿಂಗಳುಗಳಲ್ಲಿ ತಾನೇ ಕಡಿಮೆಯಾಗುತ್ತದೆ, ಕೆಲವರಿಗೆ ಹಾಗೇ ಉಳಿಯುತ್ತದೆ. ನನಗೆ ಅರ್ಧ ಕಡಿಮೆಯಾಗಿ ಅರ್ಧ ಉಳಿದಿದೆ.

ಇನ್ನೊಂದು ಧೂಮಕೇತು ಸುದ್ದಿ ಬಂದಾಗ ನೀವೂ ಮಾಳಿಗೆ ಹತ್ತುತ್ತೀರಿ. ಹತ್ತಿ. ಆದರೆ ಸೂರ್ಯ ಮುಳುಗಿದ್ದು ಕಣ್ಣಂದಾಜಿನಲ್ಲಿ ಬೇಡ. ಪೇಪರ್‌ನಲ್ಲೋ ಕ್ಯಾಲೆಂಡರ್‌ನಲ್ಲೋ ಸೂರ್ಯಾಸ್ತದ ಹೊತ್ತು ನೋಡಿ, ಅದಾದ ಮೇಲೆ ಇನ್ನೂ ಅರ್ಧ ಗಂಟೆ ದುರ್ಬೀನನ್ನು ಚೀಲದಿಂದಲೇ ತೆಗೆಯಬೇಡಿ. ಬೆಳಗಿನ ಜಾವದ್ದು ಇನ್ನೂ ಜಾಸ್ತಿ ಅಪಾಯ. ಸೂರ್ಯ ಬರುವ ದಿಕ್ಕಿಗೇ ಮುಖ ಮಾಡಿ ನಿಂತಿರುತ್ತೀರಿ, ಹುಡುಕಾಟದ ಭರದಲ್ಲಿ ಹೊತ್ತು ಹೋಗಿದ್ದು ಗೊತ್ತಾಗುವುದಿಲ್ಲ. ಮೊಬೈಲ್‌ನಲ್ಲಿ ಅಲಾರಂ ಇಟ್ಟುಕೊಳ್ಳಿ, ಸೂರ್ಯೋದಯಕ್ಕೆ 20 ನಿಮಿಷ ಮೊದಲೇ ನಿಲ್ಲಿಸಿ. ಮಕ್ಕಳ ಕೈಗೆ ಕೊಟ್ಟು ಕೆಳಗೆ ಚಹಾ ಕುಡಿಯಲು ಹೋಗುವುದಂತೂ ಬೇಡವೇ ಬೇಡ.

ಮೂರು ದಿನ ಬಿಟ್ಟು, 15ರ ಸಂಜೆ, ಓಣಿಯ ರಿಟೈರ್ಡ್ ಮಾಸ್ತರರು ತಮ್ಮ ಹಳೇ 7×50 ಹಿಡಿದುಕೊಂಡು ನಮ್ಮನ್ನು ಊರ ಹೊರಗಿನ ಹೊಲಕ್ಕೆ ಕರೆದೊಯ್ದರು. ಸೀಗಿ ಹುಣ್ಣಿಮೆಗೆ ಎರಡೇ ದಿನ. ಬೆನ್ನ ಹಿಂದೆ ಚಂದ್ರ ಢಾಳಾಗಿದ್ದ. ಏಳು ಗಂಟೆಯ ಸುಮಾರಿಗೆ ಮಾಸ್ತರರು ಮೊದಲು ಶುಕ್ರನನ್ನು ತೋರಿಸಿದರು. ಅಲ್ಲಿಂದ ಬಲಕ್ಕೆ, ಸ್ವಲ್ಪ ಮೇಲೆ. ಹುಡುಗ ಎರಡೇ ನಿಮಿಷದಲ್ಲಿ ಹಿಡಿದ. "ಮಾಮಾ, ಕಸಬರಿಗಿ ಇದ್ದಂಗ ಐತಿ!"

ನಾನೂ ನೋಡಿದೆ. ಎಡಗಣ್ಣಿಗೆ ಮೆತ್ತಗಿನ ಹೊಗೆಯಂಥ ಬಾಲ ಚೆನ್ನಾಗಿ ಕಂಡಿತು. ಬಲಗಣ್ಣಿಗೆ ಬರೀ ಬಾಲ. ತಲೆ ಇರಬೇಕಾದ ಜಾಗಕ್ಕೆ ಸರಿಯಾಗಿ ನನ್ನ ಚುಕ್ಕೆ ಕೂತಿತ್ತು.

ಮನೆಗೆ ಬಂದಾಗ ಅವ್ವ ಕಟ್ಟೆ ಮೇಲೆ ಕೂತಿದ್ದಳು. "ಕಂಡಿತೇನಪಾ ಬಾಲದ ಚಿಕ್ಕಿ?" ಅಂದಳು. ಹುಡುಗ ನನಗಿಂತ ಮೊದಲೇ ಹೇಳಲು ಶುರುಮಾಡಿದ.